ನಮ್ಮತ್ತೆ ಫೇಲಾಗಲು ಓದಿದ್ದು

ನಮ್ಮತ್ತೆ ಕಾಲೇಜಿನಲ್ಲಿ ನನ್ನ ಜೂನಿಯರ್! ನಗುವುದಿದ್ದರೆ ಈಗಲೇ ನಕ್ಕುಬಿಡಿ, ಆಮೇಲೆ ಪುರುಸೊತ್ತು ಸಿಗುವುದಿಲ್ಲ. ಅತ್ತೆ ಅಂದರೆ ನಮ್ಮಪ್ಪನ ಸ್ವಂತ ತಂಗಿ. ವಯಸ್ಸು ಐವತ್ತನಾಲ್ಕು. ಇಬ್ಬರು ಮೊಮ್ಮಕ್ಕಳ ಅಜ್ಜಿ. ನಾನು ಕೃಷಿ ಪದವಿಯ ಕಡೇ ವರ್ಷಕ್ಕೆ ಕಾಲಿಟ್ಟ ತಿಂಗಳೇ ಈಕೆ ಅದೇ ಕಾಲೇಜಿಗೆ ಹೊಸ ಚೀಲ, ಹೊಸ ನೋಟ್‌ಬುಕ್ಕು, ಕೊರಳಲ್ಲಿ ಗುರುತಿನ ಚೀಟಿ ಸಮೇತ ಬಂದು ಸೇರಿದಳು. ಸೀನಿಯರುಗಳನ್ನು ಕಂಡರೆ ಜೂನಿಯರುಗಳು ಎದ್ದು ನಿಲ್ಲಬೇಕು ಅನ್ನುವುದು ನಮ್ಮಲ್ಲಿ ರೂಢಿ. ಮೊದಲ ದಿನ ಕ್ಯಾಂಟೀನಿನಲ್ಲಿ ನನ್ನನ್ನು ಕಂಡಿದ್ದೇ ತಡ, ಅತ್ತೆ ಅರ್ಧ ಕಚ್ಚಿದ ವಡೆಯನ್ನು ತಟ್ಟೆಗಿಟ್ಟು, ಸೆರಗು ಸರಿಮಾಡಿಕೊಂಡು ಎದ್ದು ನಿಂತು, "ಗುಡ್ ಮಾರ್ನಿಂಗ್ ಸೀನಿಯರ್!" ಎಂದು ಇಡೀ ಕ್ಯಾಂಟೀನಿಗೆ ಕೇಳುವಂತೆ ಕೂಗಿದಳು. ನಾನು ಮುಖ ಎಲ್ಲಿ ಬಚ್ಚಿಟ್ಟುಕೊಳ್ಳಲಿ ಹೇಳಿ?

ಪಾಪ, ಚಿಕ್ಕಂದಿನಲ್ಲಿ ಓದಲು ಆಗದ ಆಸೆಯನ್ನು ಈಗ ತೀರಿಸಿಕೊಳ್ಳುತ್ತಿದ್ದಾಳೆ ಎಂದು ನೀವು ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದರೆ ದಯವಿಟ್ಟು ಒರೆಸಿಕೊಳ್ಳಿ. ಓದಿಗೂ ನಮ್ಮತ್ತೆಗೂ ಯಾವ ಕಾಲದಲ್ಲೂ ಆಗಿಬಂದದ್ದಿಲ್ಲ. ಆಕೆ ಕಾಲೇಜಿಗೆ ಸೇರಿದ್ದು ಕುದುರೆ ಕಟ್ಟುವುದಕ್ಕೆ!

ಹೌದು, ಕುದುರೆ. ನಾಲ್ಕು ಕಾಲು, ಒಂದು ಬಾಲ, ದಿನಕ್ಕೆ ಎರಡು ಹೊರೆ ಹುಲ್ಲು. ಆ ಕಥೆಯನ್ನು ಮೊದಲಿಂದಲೇ ಹೇಳುತ್ತೇನೆ ಕೇಳಿ.

ನಾವು ಕೊಳ್ಳೇಗಾಲದವರು. ಅತ್ತೆಯನ್ನು ಮೂವತ್ತೆರಡು ವರ್ಷದ ಹಿಂದೆ ತಮಿಳುನಾಡಿನ ಪಲ್ಲಡಂಗೆ ಕೊಟ್ಟದ್ದು. ಮಾವನ ಕಡೆಯವರು ತಲೆತಲಾಂತರದಿಂದ ಅಲ್ಲೇ ನೇಯ್ಗೆ ಮಾಡಿಕೊಂಡಿರುವ ಕನ್ನಡದ ಜನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅತ್ತೆ ಹೋದ ಹೊಸದರಲ್ಲಿ ಆ ಎರಡನ್ನೂ ಒಂದೇ ಪಾತ್ರೆಗೆ ಸುರಿದು ಕಲಕಿದಳು, ಇವತ್ತಿಗೂ ಅದನ್ನೇ ಬಡಿಸುತ್ತಾಳೆ. ನಾನು ಓದಲು ಅಲ್ಲಿಗೆ ಹೋದಾಗ ಹಾಸ್ಟೆಲ್ಲು ಬೇಡ ಎಂದು ಜಗಳ ಮಾಡಿ ತನ್ನ ಮನೆಯಲ್ಲೇ ಇಟ್ಟುಕೊಂಡಳು. ಒಬ್ಬಳೇ ಮಗಳು ಮದುವೆಯಾಗಿ ಕರೂರಿಗೆ ಹೋಗಿದ್ದಳು, ಮನೆಯಲ್ಲಿ ಅತ್ತೆ ಮಾವ ಇಬ್ಬರೇ. ಜೊತೆಗೆ ಕೆಳಗಡೆ ಎಂಟು ಪವರ್‌ಲೂಮು!

ನನ್ನ ಕಡೇ ವರ್ಷ ಶುರುವಾಗುವ ಮೊದಲಿನ ಬೇಸಿಗೆಯಲ್ಲಿ ಅಕ್ಕಪಕ್ಕದವರ ಮನೆಯಲ್ಲೊಂದು ಮದುವೆ. ಮದುಮಗ ಬಿಳಿ ಕುದುರೆಯ ಮೇಲೆ ಬಂದ. ಕುದುರೆಯ ಮೈತುಂಬ ಕನ್ನಡಿ ಚೂರು, ಕುಚ್ಚು, ತಲೆ ಮೇಲೊಂದು ತುರಾಯಿ. ನಮ್ಮತ್ತೆ ರೇಷ್ಮೆ ಸೀರೆಯುಟ್ಟು ಆರತಿ ತಟ್ಟೆ ಹಿಡಿದು ಎದುರಿಗೆ ನಿಂತಿದ್ದಾಳೆ. ಯಾರೋ ಪುಣ್ಯಾತ್ಮ ಉತ್ಸಾಹ ತಡೆಯಲಾರದೆ ಪಟಾಕಿ ಸರವನ್ನು ಕುದುರೆಯ ಕಾಲ ಬುಡದಲ್ಲೇ ಹಚ್ಚಿಬಿಟ್ಟ. ಕುದುರೆ ನಿಂತಲ್ಲೇ ನಡುಗತೊಡಗಿತು. ಒಂದು ಹೆಜ್ಜೆ ಮುಂದಿಡದು. ಹಗ್ಗ ಹಿಡಿದಿದ್ದ ಕುದುರೆಯವನು ಕೋಲು ತೆಗೆದು ಎರಡು ಬಾರಿಸಿದ. ಮೂರನೆಯದಕ್ಕೆ ಕೈ ಎತ್ತುವಷ್ಟರಲ್ಲಿ ಅತ್ತೆ, "ಇದ ಹಿಡ್ಕೊ ಸಾಮಿ" ಎಂದು ಆರತಿ ತಟ್ಟೆಯನ್ನು ಕುದುರೆ ಮೇಲಿದ್ದ ಮದುಮಗನ ಕೈಗೇ ಕೊಟ್ಟು, ಆ ಕೋಲು ಕಿತ್ತುಕೊಂಡಳು!

"ಅಷ್ಟು ಕನಿಕರ ಇದ್ದರೆ ನೀವೇ ಇಟ್ಟು ಸಾಕಿಕೊಳ್ಳಿ ಅಮ್ಮಾ!" ಅಂದ ಅವನು ಸಿಟ್ಟಿನಲ್ಲಿ.

"ಶರಿ, ಕೊಡು!" ಅಂದಳು ಅತ್ತೆ.

ಮಾತಿಗೆ ಹೇಳಿದ್ದನ್ನು ನಿಜ ಮಾಡುವವರ ಎದುರು ಯಾರೂ ಮಾತಾಡಬಾರದು. ಮದುಮಗ ಇಳಿದು, ತನ್ನ ಆರತಿ ತಟ್ಟೆ ತಾನೇ ಹಿಡಿದುಕೊಂಡು ಛತ್ರಕ್ಕೆ ನಡೆದು ಹೋದ. ಸಂಜೆ ಅತ್ತೆ ಮನೆಗೆ ಬಂದಾಗ ಕೈಯಲ್ಲಿ ಒಂದು ಜೊತೆ ಚಿನ್ನದ ಬಳೆ ಕಮ್ಮಿ, ಹಿಂದೆ ಒಂದು ಕುದುರೆ ಹೆಚ್ಚು. ಮಾವ ಜಗುಲಿಯಲ್ಲಿ ಕೂತಿದ್ದರು. ಹೆಚ್ಚು ಮಾತಾಡುವ ಮನುಷ್ಯರಲ್ಲ. ಕುದುರೆಯನ್ನು ಮೂತಿಯಿಂದ ಬಾಲದವರೆಗೆ ನೋಡಿ, "ಇದನ್ನ ತಾಂಬೂಲದ ಚೀಲದಲ್ಲಿ ಹಾಕಿ ಕೊಟ್ಟರಾ?" ಎಂದು ಕೇಳಿ, ಅದು ಮೂತಿ ಚಾಚಿದ್ದೇ ತಡ ಬೆಚ್ಚಿ ಎದ್ದು ಒಳಗೆ ಹೋದರು.

ಅತ್ತೆ ಅದಕ್ಕೆ ಅಮ್ಮಣಿ ಎಂದು ಹೆಸರಿಟ್ಟಳು. ಆ ಕಡೆ ಮರ್ಯಾದಸ್ಥ ಹೆಂಗಸರನ್ನು ಹಾಗೆ ಕರೆಯುತ್ತಾರೆ. ನನ್ನನ್ನು "ಏ ಬಾರೇ ಇಲ್ಲಿ" ಎಂದು ಕೂಗುವ ಅತ್ತೆ ಕುದುರೆಯನ್ನು "ವಾಂಗ ಅಮ್ಮಣಿ, ಉಂಡ್ರಾ ಅಮ್ಮಣಿ" ಎಂದು ಬಹುವಚನದಲ್ಲಿ ಮಾತಾಡಿಸುವಳು. ಹೊಟ್ಟೆ ಉರಿಯುವುದಿಲ್ಲವೇ?

ಆದರೆ ಅಮ್ಮಣಿ ಉಣ್ಣಲಿಲ್ಲ. ಕೆಳಗೆ ಎಂಟು ಮಗ್ಗ ಹಗಲೆಲ್ಲ ಬಡಿದುಕೊಳ್ಳುವ ಮನೆ ಅದು. ಆ ಸದ್ದಿನಲ್ಲಿ ಮನುಷ್ಯರೇ ಕೈಸನ್ನೆಯಲ್ಲಿ ಮಾತಾಡುತ್ತಾರೆ. ಎರಡು ಬೆರಳು ಎತ್ತಿದರೆ ಕಾಫಿ, ಹೊಟ್ಟೆ ತಟ್ಟಿದರೆ ಊಟ, ಹಣೆ ಚಚ್ಚಿಕೊಂಡರೆ ನೂಲು ತುಂಡಾಯಿತು ಅಂತ. ಪಟಾಕಿಗೆ ಹೆದರಿದ ಜೀವ ಈ ಸದ್ದು ತಡೆದೀತೆ? ಮಗ್ಗ ಶುರುವಾದರೆ ಬೇವಿನ ಮರದ ಬುಡದಲ್ಲಿ ಗಡಗಡ ನಡುಗುವುದು. ಮಿಕ್ಸಿ ತಿರುಗಿದರೆ ಹಗ್ಗ ಜಗ್ಗುವುದು. ಕುಕ್ಕರ್ ಕೂಗಿದರಂತೂ ಮುಗಿಯಿತು, ಮುಂಗಾಲೆರಡೂ ಆಕಾಶಕ್ಕೆ! ತಮಾಷೆ ಏನು ಗೊತ್ತೇ? ಸೂಲೂರಿನ ವಾಯುಪಡೆ ನೆಲೆಯಿಂದ ಎದ್ದ ಯುದ್ಧವಿಮಾನ ನೆತ್ತಿಯ ಮೇಲೆ ಗುಡುಗಿಕೊಂಡು ಹೋದರೆ ನಾವೆಲ್ಲ ಕಿವಿ ಮುಚ್ಚಿಕೊಳ್ಳುತ್ತೇವೆ, ಅಮ್ಮಣಿ ಕಿವಿ ಕೂಡ ಆಡಿಸುವುದಿಲ್ಲ.

"ಅದ್ಯಾಕತ್ತೆ ಹಾಗೆ?" ಎಂದೆ.

"ವಿಮಾನ ಅದರ ಪಾಡಿಗೆ ಮೇಲೆ ಹೋಗುತ್ತೆ ಕಣ್ಣು. ಕುಕ್ಕರು ನಮ್ಮ ಮನೇಲೇ ಕೂತು ನಮ್ಮ ಮೇಲೇ ಕೂಗುತ್ತೆ. ಅದಕ್ಕೆ ಹೆದರದೆ ಇನ್ನೇನು ಮಾಡ್ತಾರೆ ಪಾವಂ?" ಮುದ್ದು ಬಂದರೆ ನಾನು "ಕಣ್ಣು", ಅಯ್ಯೋ ಪಾಪ ಅನ್ನಿಸಿದರೆ "ಪಾವಂ", ಎಲ್ಲ ತಮಿಳಿನ ಕೊಡುಗೆ.

ಮೂರು ದಿನ ನೀರು ಬಿಟ್ಟರೆ ಏನೂ ಮುಟ್ಟಲಿಲ್ಲ. ಬಂದ ಪಶುವೈದ್ಯರು, "ಸದ್ದಿಲ್ಲದ ಕಡೆ ಕಟ್ಟಿ. ಇಲ್ಲೇ ಇದ್ದರೆ ಉಳಿಯೋದು ಕಷ್ಟ" ಎಂದು ನೇರವಾಗಿ ಹೇಳಿ ಹೋದರು. ಅವತ್ತು ಅತ್ತೆಯೂ ಊಟ ಮಾಡಲಿಲ್ಲ. ಆ ಸಂಕಟ ನೋಡಲಾರದೆ ಬಾಯಿ ಬಿಟ್ಟವಳು ನಾನೇ. "ನಮ್ಮ ಕಾಲೇಜಿನಲ್ಲಿ ಒಂದು ಲಾಯ ಇದೆ ಅತ್ತೆ, ಹುಡುಗರು ತಮ್ಮ ಕುದುರೆ ತಂದು ಕಟ್ಟಿಕೊಳ್ಳುತ್ತಾರೆ" ಅಂದೆ. ಇದರಿಂದ ನನಗೇನು ಕಾದಿದೆ ಎಂದು ಗೊತ್ತಿದ್ದರೆ ಅವತ್ತು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದೆ!

ಕಾಲೇಜು ಇರುವುದು ಸೂಲೂರಿನಿಂದ ಪಲ್ಲಡಂ ಕಡೆಗೆ ಬರುವ ದಾರಿಯಲ್ಲಿ. ಕಟ್ಟಡಗಳ ಹಿಂದೆ ದೊಡ್ಡ ಬೇವಿನ ತೋಪು, ಅದರೊಳಗೆ ಹನ್ನೆರಡು ಕುದುರೆಗಳ ಲಾಯ. ಮೇಲೆ ಹಾರುವ ವಿಮಾನ ಬಿಟ್ಟರೆ ಸದ್ದು ಅಂದರೆ ಕಾಗೆಯದು ಮಾತ್ರ. ನಿಯಮ ಎರಡೇ. ಒಂದು, ಕುದುರೆಯ ಮಾಲೀಕರು ಅಥವಾ ಅವರದೇ ರೇಷನ್ ಕಾರ್ಡಿನಲ್ಲಿ ಹೆಸರಿರುವವರು ಕಾಲೇಜಿನ ವಿದ್ಯಾರ್ಥಿ ಆಗಿರಬೇಕು. ಎರಡು, ನಿನ್ನ ಕುದುರೆಯ ಲದ್ದಿ ನೀನೇ ಬಾಚಬೇಕು, ಆಳು ಕಾಳು ಇಲ್ಲ. ಇದನ್ನೆಲ್ಲ ನೋಡಿಕೊಳ್ಳುವವರು ಸೇನೆಯಲ್ಲಿ ಕುದುರೆ ಪಳಗಿಸಿ ನಿವೃತ್ತರಾದ ಒಬ್ಬರು, ಹಲಸಿನ ತೊಳೆಯಂಥ ಮೀಸೆ. ನಾವು ಲಾಯದ ಸಾರ್ ಅನ್ನುತ್ತೇವೆ. ನಾನು ಧೈರ್ಯವಾಗಿ ನನ್ನ ಗುರುತಿನ ಚೀಟಿ ಚಾಚಿದೆ. ಅವರು ರೇಷನ್ ಕಾರ್ಡು ಕೇಳಿದರು. ನನ್ನದು ಕೊಳ್ಳೇಗಾಲದ್ದು! ಅತ್ತೆಯ ಕಾರ್ಡಿನಲ್ಲಿ ಮಗಳ ಹೆಸರು ಹೊಡೆದು ಹಾಕಿ ಉಳಿದದ್ದು ಅತ್ತೆ, ಮಾವ ಎರಡೇ ಹೆಸರು. ಲಾಯದ ಸಾರ್ ಮೀಸೆ ಅಲ್ಲಾಡಿಸಿದರು. ಅಂದರೆ ಆಗುವುದಿಲ್ಲ ಅಂತ.

ಅಳುಮುಖ ಹಾಕಿಕೊಂಡು ವಾಪಸು ಬರುವಾಗ ಆಫೀಸಿನ ಮುಂದೆ ಒಂದು ಬೋರ್ಡು. ಪಶುಪಾಲನೆ, ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸು, ಹತ್ತನೇ ತರಗತಿ ಪಾಸಾಗಿರಬೇಕು, ವಯಸ್ಸಿನ ಮಿತಿ ಇಲ್ಲ. ಅತ್ತೆ ಆ ಬೋರ್ಡಿನ ಮುಂದೆ ನಿಂತುಬಿಟ್ಟಳು. ಹೇಗೋ ಒದ್ದಾಡಿ ಹತ್ತನೇ ತರಗತಿ ದಾಟಿದ್ದಳಲ್ಲ! ವಯಸ್ಸಿನ ಮಿತಿ ಇಲ್ಲ ಎಂದು ಬರೆದವರು ಯಾರು ಎಂದು ನಾನು ಇವತ್ತಿಗೂ ಹುಡುಕುತ್ತಿದ್ದೇನೆ!

ಸಂದರ್ಶನಕ್ಕೆ ನಾನೇ ಕರೆದುಕೊಂಡು ಹೋಗಬೇಕಾಯಿತು. ಪ್ರಿನ್ಸಿಪಾಲರು ಭಾವುಕರಾಗಿ, "ಈ ವಯಸ್ಸಿನಲ್ಲೂ ಕಲಿಯೋ ಹಂಬಲ ಇದೆಯಲ್ಲ ಅಮ್ಮಾ! ಏನು ಕಾರಣ?" ಎಂದು ತಮಿಳಿನಲ್ಲಿ ಕೇಳಿದರು.

"ಕಲಿಯೋ ಹಂಬಲ ಯಾರಿಗಿದೆ ಸಾರ್? ನನಗೆ ಲಾಯ ಬೇಕು" ಅಂದಳು ಅತ್ತೆ.

ಮೇಜಿನ ಕೆಳಗೆ ನಾನು ಆಕೆಯ ಕಾಲು ತುಳಿದೆ. "ಯಾಕೆ ತುಳೀತೀಯ?" ಎಂದು ಅದನ್ನೂ ಜೋರಾಗಿ ಕೇಳಿದಳು. ಪ್ರಿನ್ಸಿಪಾಲರು ಬಿದ್ದು ಬಿದ್ದು ನಕ್ಕು ಸೀಟು ಕೊಟ್ಟರು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ದರ್ಬಾರು! ಬೆಳಗ್ಗೆ ಐದೂವರೆಗೆ ಮೊಪೆಡ್ಡಿನ ಮುಂದೆ ಹುಲ್ಲಿನ ಹೊರೆ, ನಡುವೆ ಅತ್ತೆ, ಹಿಂದೆ ನಾನು, ನನ್ನ ಮಡಿಲಲ್ಲಿ ಬೇಯಿಸಿದ ಹುರುಳಿಯ ಡಬ್ಬ. ಲಾಯದ ಹುಡುಗಿಯರದು ಮೊಣಕಾಲಿನವರೆಗೆ ಬೂಟು, ಬಿಗಿ ಪ್ಯಾಂಟು, ತಲೆಗೆ ಹೆಲ್ಮೆಟ್ಟು. ಮಿಲ್ ಮಾಲೀಕರ ಮನೆಯ ಮಕ್ಕಳು. ನಮ್ಮತ್ತೆಯದು ಮೊಣಕಾಲಿಗೆ ಎತ್ತಿ ಕಟ್ಟಿದ ಸೀರೆ, ಮೇಲೆ ಮಾವನ ಹಳೇ ಅಂಗಿ, ತಲೆಗೊಂದು ಟವೆಲ್ಲು. ಮೊದಲ ವಾರ ಆ ಹುಡುಗಿಯರು ಇವಳನ್ನು ಲದ್ದಿ ಬಾಚಲು ಬಂದ ಆಳೆಂದು ತಿಳಿದು, "ಅಮ್ಮಾ, ಇಲ್ಲೂ ಸ್ವಲ್ಪ ಗುಡಿಸಿ" ಅಂದರು. ಅತ್ತೆ ಬಾಯಿ ಬಿಡದೆ ಪೊರಕೆಯನ್ನು ಒಬ್ಬೊಬ್ಬರ ಕೈಗೂ ಕೊಟ್ಟು, ತಾನು ಮುಂದೆ ಬಗ್ಗಿ ಗುಡಿಸಿ ತೋರಿಸಿದಳು. ಎರಡನೇ ವಾರ ಅವರೆಲ್ಲ ಆಕೆಯ ಹಿಂದೆ ಸಾಲಾಗಿ ಗುಡಿಸುತ್ತಿದ್ದರು! ಮೂರನೇ ವಾರ ಲಾಯದ ಸಾರ್ ಕೂಡ ಗುಡಿಸುವುದು ಕಂಡಿತು.

ಇನ್ನು ಹುರುಳಿಯ ವಿಷಯ. ಕುದುರೆಗೆ ಹುರುಳಿ ಬೇಯಿಸುತ್ತೀರಿ, ಸರಿ. ಆ ಬೆಂದ ನೀರು? ನಮ್ಮ ಕೊಳ್ಳೇಗಾಲದ ಹೆಂಗಸು ಹುರುಳಿಕಟ್ಟು ಚೆಲ್ಲುವುದುಂಟೆ? ಕಾಳು ಅಮ್ಮಣಿಗೆ, ಕಟ್ಟಿನ ಸಾರು ನಮಗೆ. ಸೋಮವಾರ ಹುರುಳಿಕಟ್ಟು ಸಾರು, ಮಂಗಳವಾರ ಹುರುಳಿಕಟ್ಟು ಸಾರು, ಬುಧವಾರ ಏನೆಂದು ನೀವೇ ಹೇಳಿ! ಮಾವ ಒಂದು ತಿಂಗಳು ತಡೆದರು. ಆಮೇಲೊಂದು ದಿನ ತಟ್ಟೆಯ ಮುಂದೆ ಕೂತು, "ಕುದುರೆಗೆ ಇವತ್ತು ಬೇರೆ ಏನಾದ್ರೂ ಬೇಯಿಸು ತಾಯಿ, ನನಗೋಸ್ಕರ" ಎಂದು ಕೈ ಮುಗಿದರು. ಅತ್ತೆ ಉಳಿದ ಸಾರನ್ನು ಕ್ಯಾನಿನಲ್ಲಿ ತುಂಬಿ ಕಾಲೇಜಿಗೆ ತಂದಳು. ಹಾಸ್ಟೆಲ್ಲಿನ ಊಟ ಉಂಡು ಉಂಡು ನಾಲಿಗೆ ಸತ್ತ ಮಕ್ಕಳು ಮುಗಿಬಿದ್ದು ಹೀರಿದರು. ಲಾಯದ ಸಾರ್ ಅಂತೂ ಮೀಸೆಗೆ ಅಂಟಿದ್ದನ್ನೂ ಬಿಡಲಿಲ್ಲ.

ಇಷ್ಟೆಲ್ಲ ಆಯಿತಲ್ಲ, ನಮ್ಮತ್ತೆ ಕುದುರೆ ಸವಾರಿ ಮಾಡಿದಳೇ? ಒಂದು ದಿನವೂ ಇಲ್ಲ! ಬೇರೆಯವರು ಜೀನು ಬಿಗಿದು ಟಕಟಕ ಓಡಿಸುತ್ತಿದ್ದರೆ ಇವಳು ಅಮ್ಮಣಿಯ ಜೊತೆ ತೋಪಿನಲ್ಲಿ ನಡೆದುಕೊಂಡು ಮನೆಯ ಸುದ್ದಿ ಹೇಳುವಳು. "ಹತ್ತೋದಿಲ್ವೇನಮ್ಮಾ?" ಎಂದು ಲಾಯದ ಸಾರ್ ಕೇಳಿದ್ದಕ್ಕೆ, "ನಿಮ್ಮನೆಗೆ ನೆಂಟರು ಬಂದ್ರೆ ಬೆನ್ನ ಮೇಲೆ ಹತ್ತಿ ಕೂತ್ಕೊತೀರಾ ಸಾರ್?" ಎಂದು ಕೇಳಿದಳು. ಮೂವತ್ತು ವರ್ಷ ಕುದುರೆಯ ಬೆನ್ನ ಮೇಲೇ ಕಳೆದ ಮನುಷ್ಯ ಅವತ್ತು ಮಧ್ಯಾಹ್ನದವರೆಗೆ ಯಾವ ಕುದುರೆಯನ್ನೂ ಹತ್ತಲಿಲ್ಲ.

ವಾರ್ಷಿಕೋತ್ಸವದ ದಿನ ಎಲ್ಲ ಕುದುರೆಗಳೂ ಮೈದಾನಕ್ಕೆ ಒಂದು ಸುತ್ತು ಬರಬೇಕಿತ್ತು. ಅತ್ತೆ ಹತ್ತದೆ, ಹಗ್ಗ ಹಿಡಿದು ಗಂಭೀರವಾಗಿ ನಡೆದಳು. ಅರ್ಧ ಮೈದಾನ ದಾಟಿರಬೇಕು, ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಮೆಲ್ಲಗೆ ನಾಗಸ್ವರ ಹಾಕಿದರು. ಅಮ್ಮಣಿಯ ಕಿವಿ ನೆಟ್ಟಗಾಯಿತು. ಮೆರವಣಿಗೆಯ ಕಾಲದ ಅಭ್ಯಾಸ ಎಲ್ಲಿ ಹೋದೀತು? ಮುಂಗಾಲು ಎತ್ತಿ ಎತ್ತಿ ಇಡುತ್ತ, ಕತ್ತು ಕೊಂಕಿಸಿ, ತೈ ತೈ ಎಂದು ಕುಣಿಯಲು ಶುರು! ಜನ ಎದ್ದು ನಿಂತು ಚಪ್ಪಾಳೆ. ಶಿಳ್ಳೆ! ನಾನೂ ಕುರ್ಚಿ ಮೇಲೆ ಹತ್ತಿ ಕಿರುಚಿದ್ದೇ ಕಿರುಚಿದ್ದು. ಅತ್ತೆ ಮಾತ್ರ ಕೆಂಡಾಮಂಡಲವಾಗಿ ವೇದಿಕೆಯ ಹತ್ತಿರ ಹೋಗಿ, "ಪಾಟ್ಟು ನಿಲ್ಲಿಸಿ! ಇವರು ರಿಟೈರ್ ಆಗಿದ್ದಾರೆ!" ಎಂದು ಮೈಕಿನವನನ್ನು ಗದರಿಸಿದಳು. ಕುಣಿತಕ್ಕೆ ಮೊದಲ ಬಹುಮಾನ ಬಂತು, ಒಂದು ಸ್ಟೀಲ್ ಬಕೆಟ್ಟು. ಅದರಲ್ಲೇ ಆಮೇಲೆ ಅಮ್ಮಣಿ ನೀರು ಕುಡಿಯುತ್ತಿದ್ದುದು.

ಹೀಗೆ ಸ್ವರ್ಗಸುಖದಲ್ಲಿ ವರ್ಷ ಕಳೆದು ಪರೀಕ್ಷೆ ಬಂತು. ಅವತ್ತು ಅತ್ತೆಗೆ ಹೊಳೆಯಿತು ನೋಡಿ: ಪಾಸಾದರೆ ವಿದ್ಯಾರ್ಥಿ ಅಲ್ಲ. ವಿದ್ಯಾರ್ಥಿ ಅಲ್ಲದಿದ್ದರೆ ಲಾಯ ಇಲ್ಲ. ಲಾಯ ಇಲ್ಲದಿದ್ದರೆ ಅಮ್ಮಣಿ ಮತ್ತೆ ಮಗ್ಗದ ಮನೆಗೆ! ಆದರೆ ಫೇಲಾದರೆ? ಫೇಲಾದವರು ಇನ್ನೊಂದು ವರ್ಷ ಅದೇ ಕ್ಲಾಸಿನಲ್ಲಿ ಕೂರಬಹುದು.

"ಕಣ್ಣು, ನನ್ನನ್ನ ಹೇಗಾದ್ರೂ ಮಾಡಿ ಫೇಲ್ ಮಾಡಿಸೇ" ಅಂದಳು ನನ್ನ ಕೈ ಹಿಡಿದು.

ಜಗತ್ತಿನಲ್ಲಿ ಯಾರಾದರೂ ಸೀನಿಯರಿಗೆ ಹೀಗೊಂದು ಬೇಡಿಕೆ ಬಂದಿದೆಯೇ? ಬರೆಯುವ ಪರೀಕ್ಷೆಗೆ ಮೂವತ್ತು ಅಂಕ, ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ, ಸರಿಯಾದುದಕ್ಕೆ ಗುರುತು ಹಾಕಬೇಕು. "ಸುಮ್ಮನೆ ಖಾಲಿ ಬಿಟ್ಟು ಬಾ ಅತ್ತೆ" ಅಂದೆ. "ಖಾಲಿ ಬಿಟ್ರೆ ಬೇಕೂಂತ ಮಾಡಿದ್ದು ಅಂತ ಗೊತ್ತಾಗಲ್ವಾ? ಬರೆದು ಫೇಲಾಗಬೇಕು" ಅಂದಳು. ಆದರೆ ಕಣ್ಣುಮುಚ್ಚಿ ಗುರುತು ಹಾಕಿದರೆ ಅಪ್ಪಿತಪ್ಪಿ ಸರಿಯಾಗಿಬಿಟ್ಟರೆ? ಆ ಭಯಕ್ಕೆ ಅತ್ತೆ ಓದಲು ಕೂತಳು! ಪುಸ್ತಕದಲ್ಲಿದ್ದ ಪ್ರತಿ ಪ್ರಶ್ನೆಗೂ ಸರಿ ಉತ್ತರ ಯಾವುದೆಂದು ಬಾಯಿಪಾಠ ಮಾಡಿದಳು, ಅದನ್ನು ಬಿಟ್ಟು ಬೇರೆಯದಕ್ಕೆ ಗುರುತು ಹಾಕಲು. ಇಡೀ ಕ್ಲಾಸಿನಲ್ಲಿ ಅಷ್ಟು ನಿಷ್ಠೆಯಿಂದ ಓದಿದವರು ಇನ್ನೊಬ್ಬರಿಲ್ಲ. ಫಲ ಸಿಕ್ಕಿತು. ಮೂವತ್ತಕ್ಕೆ ಸೊನ್ನೆ! ಮೇಷ್ಟ್ರು, "ಇಷ್ಟು ವರ್ಷದಲ್ಲಿ ಸೊನ್ನೆ ತೆಗೆದವರನ್ನ ನಾನು ಕಂಡಿಲ್ಲ" ಎಂದು ಬೆರಗಾದರು. ಅತ್ತೆ ನನಗೆ ಕಣ್ಣು ಹೊಡೆದಳು.

ಉಳಿದ ಎಪ್ಪತ್ತು ಅಂಕಕ್ಕೆ ಲಾಯದಲ್ಲೇ ಪ್ರಾಕ್ಟಿಕಲ್ಲು. ಎರಡೂ ಸೇರಿ ನಲವತ್ತು ಬಂದರೆ ಪಾಸು. ಹೊರಗಿನಿಂದ ಒಬ್ಬ ಪರೀಕ್ಷಕರು ಬಂದಿದ್ದರು. "ಏನು ಕೇಳಿದ್ರೂ ಗೊತ್ತಿಲ್ಲ ಅನ್ನು, ಬೇರೆ ಒಂದಕ್ಷರ ಆಡಬೇಡ" ಎಂದು ಹೇಳಿಕೊಟ್ಟು ನಾನು ಬೇವಿನ ಮರದ ಹಿಂದೆ ನಿಂತೆ. ಮೊದಲ ಪ್ರಶ್ನೆ. "ತೆರಿಯಾದುಂಗ" ಅಂದಳು ಅತ್ತೆ, ಗೊತ್ತಿಲ್ಲ ಅಂತ. ಎರಡನೆಯದು. "ತೆರಿಯಾದುಂಗ." ಮೂರನೆಯದು. "ತೆರಿಯಾದುಂಗ." ಆಹಾ, ಎಷ್ಟು ಚೆಂದ ಫೇಲಾಗುತ್ತಿದ್ದಾಳೆ ಎಂದು ನಾನು ಹಿಗ್ಗಿದೆ! ಪರೀಕ್ಷಕರಿಗೆ ಅಯ್ಯೋ ಅನ್ನಿಸಿರಬೇಕು. ಪ್ರಶ್ನೆ ಬಿಟ್ಟು ಅಮ್ಮಣಿಯ ತುಟಿ ಎತ್ತಿ ಹಲ್ಲು ನೋಡಿ, "ಇಪ್ಪತ್ತು ದಾಟಿದೆ. ಮುದಿ ಆಯ್ತಮ್ಮ ಇದು, ಇನ್ನು ಏನೂ ಪ್ರಯೋಜನ ಇಲ್ಲ" ಅಂದರು.

ಮುಗಿಯಿತು ಕಥೆ.

"ಯಾರನ್ನ ಮುದಿ ಅಂತೀರಿ?" ಅಂದಳು ಅತ್ತೆ. ನಾನು ಮರದ ಹಿಂದಿನಿಂದ ಬೇಡ ಬೇಡ ಎಂದು ಎರಡೂ ಕೈ ಬೀಸಿದೆ. ಎಲ್ಲಿ ನೋಡುತ್ತಾಳೆ? "ಮೇಲಿನ ಮೂಲೆ ಹಲ್ಲಿನ ಗೀರು ನೋಡಿ ಸಾರ್, ಸರಿಯಾಗಿ ನೋಡಿ. ಅರ್ಧಕ್ಕೂ ಇಳಿದಿಲ್ಲ. ಇಪ್ಪತ್ತಾಗಿದ್ದರೆ ತುದಿಗೆ ಬಂದಿರಬೇಕಿತ್ತು. ಹದಿನಾಲ್ಕು ಇವರಿಗೆ! ಒಸಡು ಒತ್ತಿ ನೋಡಿ, ಬೆರಳು ತೆಗೆದ ತಕ್ಷಣ ಕೆಂಪಾಗುತ್ತೆ. ಪಕ್ಕೆಗೆ ಕಿವಿ ಇಡಿ, ಹೊಟ್ಟೆ ಗುಡುಗುಡು ಅನ್ನೋದು ಕೇಳುತ್ತಾ? ಅಂದ್ರೆ ಜೀರ್ಣ ಚೆನ್ನಾಗಿದೆ!" ಎಂದು ಪರೀಕ್ಷಕರ ತಲೆಯನ್ನೇ ಹಿಡಿದು ಕುದುರೆಯ ಪಕ್ಕೆಗೆ ಒತ್ತಿದಳು. ಒಂದೊಂದೇ ಗೊರಸು ಎತ್ತಿ ಹಿಮ್ಮಡಿಯಿಂದ ತುದಿಗೆ ಕೆರೆದು ತೋರಿಸಿದಳು. ಬೇಸಿಗೆಯಲ್ಲಿ ಯಾವ ಹೊತ್ತಿಗೆ ನೀರು, ಹೊಟ್ಟೆನೋವು ಬಂದರೆ ಮೊದಲು ಯಾವ ಕಡೆ ತಿರುಗಿ ನೋಡುತ್ತದೆ, ಲಾಳ ಯಾವಾಗ ಬದಲಿಸಬೇಕು ಎಂದು ಮುಕ್ಕಾಲು ಗಂಟೆ ಪಾಠ! ಕೊನೆಗೆ ಸೊಂಟಕ್ಕೆ ಕೈಯಿಟ್ಟು, "ಪ್ರಯೋಜನ ಇಲ್ಲವಂತೆ! ಪ್ರಯೋಜನ ಇದ್ದವರನ್ನ ಮಾತ್ರ ಇಟ್ಟುಕೊಳ್ಳೋಕೆ ಇದೇನು ಆಫೀಸಾ?" ಎಂದು ಕೇಳಿದಳು. ಪರೀಕ್ಷಕರು ನೆಟ್ಟಗೆ ನಿಂತು ಕೈ ಮುಗಿದು ಎಪ್ಪತ್ತಕ್ಕೆ ಎಪ್ಪತ್ತು ಬರೆದು ಹೋದರು.

ಫಲಿತಾಂಶ ಬಂತು. ಫಸ್ಟ್ ಕ್ಲಾಸು! ಲಾಯದ ಹುಡುಗಿಯರು ಹೂವಿನ ಹಾರ, ಸಿಹಿ ತಂದರೆ ಅತ್ತೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, "ಪಾಸಾಗಿಬಿಟ್ಟೆನಲ್ಲೇ, ಹಾಳಾದೋಳು, ಪಾಸಾಗಿಬಿಟ್ಟೆನಲ್ಲೇ" ಎಂದು ಗೋಳೋ ಎಂದು ಅತ್ತಳು. ಫಸ್ಟ್ ಕ್ಲಾಸಿಗೆ ಯಾರಾದರೂ ಹೀಗೆ ಅತ್ತದ್ದನ್ನು ನಾನು ಕಂಡಿಲ್ಲ. ನಗಲು ಹೋದೆ, ನಗು ಬರಲಿಲ್ಲ. ಲಾಯದ ಸಾರ್ ತಲೆ ತಗ್ಗಿಸಿಕೊಂಡು ಬಂದು, "ತಿಂಗಳ ಕೊನೆಯೊಳಗೆ ಜಾಗ ಬಿಡಬೇಕಮ್ಮಾ. ನಿಯಮ ನನ್ನದಲ್ಲ" ಅಂದರು.

ಆ ತಿಂಗಳು ಅತ್ತೆ ಸುತ್ತದ ಜಾಗವಿಲ್ಲ. ತೊಂಡಾಮುತ್ತೂರಿನ ಕಡೆ ಒಬ್ಬರು ತೋಟದಲ್ಲಿ ಕಟ್ಟಿಕೊಳ್ಳಿ ಅಂದರು. ಬೆಟ್ಟದ ಬುಡ, ತಂಪು, ನಿಶ್ಶಬ್ದ. ಆದರೆ ಆನೆ ಇಳಿಯುತ್ತದೆ, ಮೇಲಾಗಿ ಪಲ್ಲಡಂನಿಂದ ದಿನಾ ಹೋಗಿ ಬರುವ ದೂರವಲ್ಲ. ಮತ್ತೆ ಅದೇ ಕೋರ್ಸಿಗೆ ಸೇರೋಣವೆಂದರೆ ಪಾಸಾದವರಿಗೆ ಸೀಟಿಲ್ಲ. ಬೇರೆ ಕೋರ್ಸಿಗೆ ಹನ್ನೆರಡನೇ ತರಗತಿ ಬೇಕು. ದಿನ ಕಳೆದಂತೆ ಅತ್ತೆ ಮಾತು ಕಡಿಮೆ ಮಾಡಿದಳು. ಕಡೆಗೆ ಒಂದು ಬೆಳಗ್ಗೆ, "ತೋಟದವರಿಗೇ ಕೊಟ್ಟುಬಿಡ್ತೀನಿ ಕಣ್ಣು. ಬದುಕಿದ್ದರೆ ಸಾಕು" ಅಂದಳು.

ನನಗೆ ತಡೆಯಲಾಗಲಿಲ್ಲ. ಪ್ರಿನ್ಸಿಪಾಲರ ಕಾಲು ಹಿಡಿದಾದರೂ ಒಂದು ದಾರಿ ಕೇಳೋಣವೆಂದು ಅವತ್ತೇ ಕಾಲೇಜಿಗೆ ಹೋದೆ. ಆಫೀಸಿನ ಕಿಟಕಿಯ ಮುಂದೆ ಹೊಸ ಪ್ರವೇಶದ ಸಾಲು. ಹದಿನೇಳು ಹದಿನೆಂಟರ ಹುಡುಗ ಹುಡುಗಿಯರು. ಅವರ ನಡುವೆ ಬಿಳಿ ಪಂಚೆ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಹಿಡಿದು ನಮ್ಮ ಮಾವ ನಿಂತಿದ್ದರು!

"ಮಾವಾ! ಇಲ್ಲೇನು ಮಾಡ್ತಿದ್ದೀರಿ?"

ಮಾವ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಚೀಲವನ್ನು ಬೆನ್ನ ಹಿಂದೆ ಸರಿಸಿದರು. ಅದರೊಳಗೆ ಅವರ ಹತ್ತನೇ ತರಗತಿಯ ಅಂಕಪಟ್ಟಿ, ಹಳದಿಯಾಗಿ ಮಡಿಕೆಯಲ್ಲಿ ಹರಿದಿತ್ತು. ಜೊತೆಗೆ ರೇಷನ್ ಕಾರ್ಡು.

"ಅತ್ತೆಗೆ ಹೇಳಬೇಡ ಕಣ್ಣು, ಮೊದಲು ಸೀಟು ಸಿಗಲಿ" ಅಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಈ ಫೇಲಾಗೋದು ಹೇಗೆ ಅಂತ ನನಗೆ ಸ್ವಲ್ಪ ಸರಿಯಾಗಿ ಹೇಳಿಕೊಡು. ಅವಳಿಗೆ ಅದು ಬರಲಿಲ್ಲ."

"ಮಾವ, ನಿಮಗೆ ಕುದುರೆ ಕಂಡರೆ ಭಯ ಅಲ್ವಾ?"

"ಭಯಾನೇ" ಅಂದರು ಮಾವ. ಸಾಲು ಒಂದು ಹೆಜ್ಜೆ ಮುಂದೆ ಹೋಯಿತು, ಅವರೂ ಒಂದು ಹೆಜ್ಜೆ ಇಟ್ಟರು. "ಮಗಳು ಗಂಡನ ಮನೆಗೆ ಹೋದ ಮೇಲೆ ನಿಮ್ಮತ್ತೆ ನಗೋದು ಬಿಟ್ಟಿದ್ದಳು. ನಿನಗೆ ಗೊತ್ತಿಲ್ಲ, ನಿನ್ನ ಮುಂದೆ ನಗ್ತಿದ್ದಳು. ನಾನೂ ಏನೇನೋ ಮಾಡಿ ನೋಡಿದೆ, ನನಗೆ ನಗಿಸೋಕೆ ಬರಲಿಲ್ಲ. ಆ ಕುದುರೆಗೆ ಬಂತು. ಅದು ಹೋಗಬಾರದು."

ಮಾವ ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು. ಅವರ ಪಕ್ಕದಲ್ಲಿ ಸಾಲಿನಲ್ಲಿ ನಿಂತೆ. ಕಿಟಕಿಯ ಒಳಗಿನವರು ಕಾಗದಗಳನ್ನು ಎರಡು ಸಲ ತಿರುಗಿಸಿ ನೋಡಿ ಸೀಟು ಕೊಟ್ಟರು. ಲಾಯ ಉಳಿಯಿತು!

ಅತ್ತೆಗೆ ಹೇಳಬೇಡ ಅಂದಿದ್ದರು. ಹೇಳದೆ ಇರಲು ನಾನೇನು ಕಲ್ಲೇ? ಮನೆಗೆ ಓಡಿ ಬಂದು ಅಡಿಗೆಮನೆಯಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಅತ್ತೆ ಕಿರುಚುತ್ತಾಳೆ, ಕುಣಿಯುತ್ತಾಳೆ ಅಂದುಕೊಂಡಿದ್ದೆ. ಆಕೆ ಒಲೆ ಆರಿಸಿ, ಕೈ ಒರೆಸಿಕೊಂಡು ಹೋಗಿ ತನ್ನ ನೋಟ್‌ಬುಕ್ಕುಗಳನ್ನು ತಂದು ನೆಲದ ಮೇಲೆ ಹರಡಿ ಕೂತಳು. ಒಂದೊಂದರ ಮೇಲೂ ಹೊಸ ಚೀಟಿ ಅಂಟಿಸಿದಳು. ಕನ್ನಡಕ ಹುಡುಕಿ ಹಾಕಿಕೊಂಡು ಪ್ರತಿ ಚೀಟಿಯ ಮೇಲೂ ಏನನ್ನೋ ನಿಧಾನವಾಗಿ ಬರೆದಳು. ಮಾವ ಬಂದು ಬಾಗಿಲಲ್ಲಿ ನಿಂತದ್ದು ಆಕೆಗೆ ಗೊತ್ತಾಗಲಿಲ್ಲ.

ಮಾವ ಬಗ್ಗಿ ಒಂದು ಪುಸ್ತಕ ಎತ್ತಿಕೊಂಡರು. ಅತ್ತೆ ತಮಿಳು ಓದಿಕೊಂಡರೂ ಬರೆಯಲು ಬರುವುದು ಕನ್ನಡ ಮಾತ್ರ, ಮಾವನಿಗೆ ಕನ್ನಡ ಮಾತಾಡಲು ಬರುತ್ತದೆಯೇ ಹೊರತು ಓದಲು ಬರುವುದಿಲ್ಲ. ತಿರುಗಿಸಿ ಮುರುಗಿಸಿ ನೋಡಿ, ಚೀಟಿಯ ಮೇಲೆ ಬೆರಳಿಟ್ಟು, "ಇಲ್ಲಿ ಏನು ಬರೆದಿದ್ದೀಯ?" ಎಂದು ಕೇಳಿದರು.

ನಮ್ಮ ಕಡೆ ಅತ್ತೆಯ ಕಾಲದ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮೂವತ್ತೆರಡು ವರ್ಷ ಅತ್ತೆ ಅವರನ್ನು "ಏನುಂಗ" ಎಂದೇ ಕರೆದಿದ್ದು. ಆಕೆ ನನ್ನ ಮುಖ ನೋಡಿದಳು. ಹೇಳಿಬಿಡಬಹುದಿತ್ತು ನಾನು. ಹೇಳಲಿಲ್ಲ. ಅತ್ತೆ ಅವರ ಬೆರಳಿನ ಪಕ್ಕದಲ್ಲಿ ತನ್ನ ಬೆರಳಿಟ್ಟು, ಒಂದನೇ ತರಗತಿಯ ಮಗುವಿನ ಹಾಗೆ ಒಂದೊಂದೇ ಅಕ್ಷರ ಕೂಡಿಸಿ, ಮೆಲ್ಲಗೆ, ಮಾವನ ಹೆಸರನ್ನು ಅವರಿಗೆ ಓದಿ ಹೇಳಿದಳು.